ಭಾನುವಾರದ ಪ್ರಶ್ನೋತ್ತರ: ಕಣ್ಣಿಗೆ ಕಂಡ ಗುಡ್ಡ ಫೋಟೋದಲ್ಲಿ ಯಾಕೆ ಕುಗ್ಗುತ್ತದೆ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಸ್ಟುಡಿಯೋ ನಡೆಸುವ ನಮ್ಮ ಫೋಟೋಗ್ರಾಫರ್ ಸಾರ್ ಮದುವೆ ಸೀಸನ್ ನಡುವೆ ಬಿಡುವು ಮಾಡಿಕೊಂಡು ಇವತ್ತು ಗ್ರೂಪಿನಲ್ಲಿ ಇರುತ್ತಾರೆ. ವಿಷಯ: ಹೊಸಬರಿಗೆ ಲ್ಯಾಂಡ್‌ಸ್ಕೇಪ್, ಅದರಲ್ಲೂ ಪರ್ಸ್‌ಪೆಕ್ಟಿವ್ (ಹತ್ತಿರದ್ದು, ದೂರದ್ದು ಎಷ್ಟೆಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು) ಮತ್ತು ಬ್ಯಾಲೆನ್ಸ್ (ಫ್ರೇಮಿನ ಎರಡೂ ಕಡೆಯ ತೂಕ). ಫೋಟೋ ಹಾಕಿ, ಕೇಳಿ. ಗುಡ್ ಮಾರ್ನಿಂಗ್ ಹೂವು ಬೇಡ.

ಆಲ್ದೂರು ಹುಡುಗ: ಸಾರ್, ಇಪ್ಪತ್ತು ಸಾವಿರದೊಳಗೆ ಯಾವ ಕ್ಯಾಮೆರಾ ತಗೊಳ್ಳಬಹುದು?

ಸ್ಟುಡಿಯೋ ಸಾರ್: ಈಗಿರುವ ಫೋನೇ ಸಾಕು. ಮೊದಲು ಅದರ ಕ್ಯಾಮೆರಾದಲ್ಲಿ ಗ್ರಿಡ್ (ಪರದೆ ಮೇಲಿನ ಅಡ್ಡ, ಉದ್ದ ಗೆರೆಗಳು) ಆನ್ ಮಾಡಿ, ನೀರಿನ ಅಂಚು ವಾಲದ ಹಾಗೆ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ.

ಸಖರಾಯಪಟ್ಟಣ ಟೀಚರ್: ನಮಸ್ತೆ ಸಾರ್. ಇದು ಅಯ್ಯನಕೆರೆ ಏರಿ ಮೇಲಿಂದ ತೆಗೆದದ್ದು. ಎದುರಿಗೆ ಶಕುನಗಿರಿ. ಅಲ್ಲಿ ನಿಂತಾಗ ಗುಡ್ಡ ಮೈಮೇಲೆ ಬರುವಷ್ಟು ದೊಡ್ಡದಾಗಿ ಕಂಡಿತ್ತು. ಫೋಟೋದಲ್ಲಿ ಬೆರಳ ತುದಿಯಷ್ಟಿದೆ. ಎಲ್ಲ ಬರಲಿ ಅಂತ ಫೋನಿನ 0.5ರಲ್ಲಿ, ಅಂದರೆ ತುಂಬಾ ಅಗಲ ಕಾಣುವ ಲೆನ್ಸ್‌ನಲ್ಲಿ ತೆಗೆದೆ. ಕೆಳಗೆ ಎಡಗಡೆ ಏರಿಯ ಕಲ್ಲು ಇದೆ, ಬಲಗಡೆ ಬರೀ ನೀರು. ಏನೋ ಒಂದು ಕಡೆ ಜಗ್ಗಿದ ಹಾಗೆ ಅನಿಸುತ್ತದೆ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಸ್ಟುಡಿಯೋ ಸಾರ್: ಒಳ್ಳೆ ಪ್ರಶ್ನೆ ಮೇಡಂ. ಎಲ್ಲ ಬರಲಿ ಅಂದಿರಲ್ಲ, ತೊಂದರೆ ಶುರುವಾಗಿದ್ದೇ ಅಲ್ಲಿ. 0.5ರಲ್ಲಿ ಕಾಲಬುಡದ ಕಲ್ಲು ಉಬ್ಬುತ್ತದೆ, ಫ್ರೇಮಿನ ಮೂಲೆಯಲ್ಲಿದ್ದರೆ ಇನ್ನೂ ಎಳೆದುಕೊಳ್ಳುತ್ತದೆ. ಹಾಗಂತ ಲೆನ್ಸನ್ನೇ ಬೈಯಬೇಡಿ. ಹತ್ತಿರದ್ದು ಎಷ್ಟು ದೊಡ್ಡದು, ದೂರದ್ದು ಎಷ್ಟು ಸಣ್ಣದು ಎನ್ನುವುದು ತೀರ್ಮಾನ ಆಗುವುದು ನೀವು ನಿಂತ ಜಾಗದಿಂದ. ನಿಂತಲ್ಲೇ ಜೂಮ್ ಮಾಡಿದರೆ ಕಲ್ಲೂ ಗುಡ್ಡವೂ ಒಟ್ಟಿಗೆ ಬೆಳೆಯುತ್ತವೆ, ಅವುಗಳ ನಡುವಿನ ಲೆಕ್ಕ ಬದಲಾಗುವುದಿಲ್ಲ. ಕಾಲು ಕದಲಬೇಕು.

ಹೀಗೆ ನೋಡಿ. ಕಲ್ಲು ನಿಮ್ಮಿಂದ 2 ಮೀಟರ್ ದೂರ ಇದೆ ಅಂದುಕೊಳ್ಳಿ. ಇನ್ನೂ 2 ಮೀಟರ್ ಹಿಂದೆ ಸರಿದರೆ ಕಲ್ಲು ಫೋಟೋದಲ್ಲಿ ಅರ್ಧ ಆಗುತ್ತದೆ. ಗುಡ್ಡಕ್ಕೆ ಆ 2 ಮೀಟರ್ ಲೆಕ್ಕಕ್ಕೇ ಇಲ್ಲ. ಅದು ಇದ್ದಷ್ಟೇ ಇರುತ್ತದೆ. ಈಗ ಜೂಮ್ ಎರಡರಷ್ಟು ಮಾಡಿ. ಕಲ್ಲು ಮೊದಲಿನ ಗಾತ್ರಕ್ಕೆ ವಾಪಸ್ ಬಂತು, ಗುಡ್ಡ ಎರಡರಷ್ಟಾಯಿತು. ಹಿಂದೆ ಸರಿದು ಜೂಮ್ ಮಾಡುವುದು ಅಂದರೆ ಇಷ್ಟೇ. ಏರಿ ಮೇಲೆ ಹಿಂದೆ ಸರಿಯುವಾಗ ತಿರುಗಿ ನೋಡಿಕೊಂಡು ಸರಿಯಿರಿ.

ಇನ್ನು ಜಗ್ಗುವ ವಿಷಯ. ನಿಮ್ಮ ಫೋಟೋದಲ್ಲಿ ಕಲ್ಲು ಎಡಕ್ಕೆ, ಗುಡ್ಡದ ತುದಿಯೂ ಎಡಕ್ಕೆ. ಎರಡು ಭಾರವೂ ಒಂದೇ ಕಡೆ ಬಿದ್ದಿವೆ. ಅಡ್ಡೆ, ಅಂದರೆ ಎರಡು ತುದಿಗೆ ಭಾರ ಕಟ್ಟಿದ ಕೋಲು ಹೊರುವವರನ್ನು ನೋಡಿದ್ದೀರಲ್ಲ? ಒಂದು ಕಡೆ ಭಾರ ಜಾಸ್ತಿ ಇದ್ದರೆ ಹೆಗಲನ್ನು ಆ ಕಡೆಗೆ ಸರಿಸುತ್ತಾರೆ. ಸಣ್ಣ ಭಾರ ಉದ್ದದ ತುದಿಯಲ್ಲಿ ತೂಗುತ್ತದೆ. ಫ್ರೇಮಿನಲ್ಲೂ ಹಾಗೇ. ಗುಡ್ಡ ನಡುವಿನಿಂದ ಸ್ವಲ್ಪ ಎಡಕ್ಕಿದ್ದರೆ ಬಲ ಅಂಚಿನ ಹತ್ತಿರ ಒಂದು ಬೆಳ್ಳಕ್ಕಿ ಸಾಕು. ಬಿಳಿ ಬಣ್ಣ, ಜೀವ ಇರುವ ವಸ್ತು, ಮನುಷ್ಯನ ಮುಖ, ಇವು ಗಾತ್ರಕ್ಕಿಂತ ಜಾಸ್ತಿ ತೂಗುತ್ತವೆ. ಬೆಳ್ಳಕ್ಕಿ ನಾವು ಕರೆದಾಗ ಬರುವುದಿಲ್ಲ, ನಿಜ. ಅದಕ್ಕೇ ಕಲ್ಲನ್ನು ಸರಿಸಿ. ಕೈಯಿಂದ ಅಲ್ಲ, ಕಾಲಿನಿಂದ! ನೀವು ಏರಿ ಮೇಲೆ ನಾಲ್ಕು ಹೆಜ್ಜೆ ಎಡಕ್ಕೆ ಹೋದರೆ ಹತ್ತಿರದ ಕಲ್ಲು ಫ್ರೇಮಿನಲ್ಲಿ ಬಲಕ್ಕೆ ಜರುಗುತ್ತದೆ, ಗುಡ್ಡ ಅಲ್ಲೇ ನಿಲ್ಲುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ ಆಯಿತು.

ಸರಿಯಾಯಿತೋ ಇಲ್ಲವೋ ತಿಳಿಯಬೇಕಾದರೆ ತೆಗೆದ ಫೋಟೋವನ್ನು ತಲೆಕೆಳಗು ಮಾಡಿ ನೋಡಿ. ಇದು ಗುಡ್ಡ, ಇದು ಕೆರೆ ಅನ್ನುವುದು ಮರೆತು ಬರೀ ಕಪ್ಪು ಬಿಳುಪಿನ ತೂಕ ಕಾಣುತ್ತದೆ. ಗಾಳಿ ಏಳುವ ಮೊದಲು, ಬೆಳಿಗ್ಗೆ ಹೋದರೆ ನೀರಿನಲ್ಲಿ ಗುಡ್ಡದ ನೆರಳೂ ಸಿಗುತ್ತದೆ.

ಕಾಫಿ ತೋಟದ ಮನೆ: ಸಾರ್, ರೂಲ್ ಆಫ್ ಥರ್ಡ್ಸ್ (ಫ್ರೇಮನ್ನು ಮೂರು ಪಾಲು ಮಾಡಿ ಆ ಗೆರೆಗಳ ಮೇಲೆ ಮುಖ್ಯವಾದದ್ದನ್ನು ಇಡುವುದು) ಪ್ರಕಾರ ನೀರಿನ ಗೆರೆ ಮಧ್ಯ ಬರಲೇಬಾರದು ಅಂತ ಒಂದು ಮೆಸೇಜ್ ಬಂದಿದೆ. ಫಾರ್ವರ್ಡ್ ಮಾಡಿದ್ದೇನೆ.

ಸ್ಟುಡಿಯೋ ಸಾರ್: ನೋಡಿದೆ. ನೆರಳು ಪೂರ್ತಿ ಬಂದಿದ್ದರೆ ಮಧ್ಯದಲ್ಲೇ ಇಡಿ, ಯಾರೂ ದಂಡ ಹಾಕುವುದಿಲ್ಲ.

ಹೇಮಾವತಿ ಎಕ್ಸ್‌ಪ್ರೆಸ್: ಸಾರ್, ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಪಾಳು ಚರ್ಚ್. ಗೋಡೆಗಳೆಲ್ಲ ಹಿಂದಕ್ಕೆ ಬಿದ್ದ ಹಾಗೆ ಬರುತ್ತವೆ.

ಸ್ಟುಡಿಯೋ ಸಾರ್: ಫೋನನ್ನು ಮೇಲಕ್ಕೆ ಓರೆ ಮಾಡಿದ್ದೀರಿ. ನೆಟ್ಟಗೆ ಹಿಡಿಯಿರಿ, ತುದಿ ಕತ್ತರಿಸಿದರೆ ಹಿಂದೆ ಹೋಗಿ, ಕೆಳಗೆ ಉಳಿದ ನೆಲವನ್ನು ಆಮೇಲೆ ಕ್ರಾಪ್ ಮಾಡಿ. ಹಿನ್ನೀರು ಇಳಿದ ಕಡೆ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗೆ ಕೆಸರು ಇರುತ್ತದೆ. ಹಿಂದೆ ಹೋಗುವ ಮೊದಲು ನೆಲ ನೋಡಿ.

ಬೇಲೂರು ಬಾಯ್: ಸಾರ್, ದೇವಸ್ಥಾನದ ಗೋಪುರ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ, ಏನು ಮಾಡಲಿ?

ಸ್ಟುಡಿಯೋ ಸಾರ್: ಮೇಲಿನ ಉತ್ತರ.

ಹಳೇಬೀಡು 573121: ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಟ್ರೈಪಾಡ್ ಬಿಡುತ್ತಾರಾ ಸಾರ್?

ತರೀಕೆರೆ ರೈಡರ್: ಅಣ್ಣ, ಮುಂದಿನ ವಾರ ಕೆಮ್ಮಣ್ಣುಗುಂಡಿ ಝಡ್ ಪಾಯಿಂಟ್‌ಗೆ ಹೋಗುತ್ತಿದ್ದೇವೆ. ಫ್ರೆಂಡ್‌ನ ತುದಿ ಬಂಡೆ ಮೇಲೆ ಕಾಲು ಇಳಿಬಿಟ್ಟು ಕೂರಿಸಿ ತೆಗೆಯುವ ಪ್ಲಾನ್. ತುದಿಯಲ್ಲಿ ಕೂತರೇ ಡೆಪ್ತ್ ಬರುತ್ತದೆ ಅಂತ ಒಂದು ರೀಲ್‌ನಲ್ಲಿ ಹೇಳಿದ್ದಾರೆ. ಮಂಜು ಇದ್ದರೆ ಇನ್ನೂ ಸೂಪರ್ ಅಲ್ವಾ?

ಸ್ಟುಡಿಯೋ ಸಾರ್: ಬೇಡ. ಇದನ್ನು ಪೂರ್ತಿ ಓದು, ನಿನ್ನ ಫ್ರೆಂಡ್‌ಗೂ ಓದಿಸು.

ಮಂಜಿನಲ್ಲಿ ಹುಲ್ಲು ಎಲ್ಲಿ ಮುಗಿಯುತ್ತದೆ, ಗಾಳಿ ಎಲ್ಲಿ ಶುರುವಾಗುತ್ತದೆ ಗೊತ್ತಾಗುವುದಿಲ್ಲ. ಬಂಡೆ ಮೇಲೆ ಪಾಚಿ ಇರುತ್ತದೆ. ಕೂತವನು ಏಳುವಾಗ ಜಾರುತ್ತಾನೆ. ಇನ್ನೊಂದು ವಿಷಯ, ಮಂಜು ತುಂಬಿದ್ದರೆ ಹಿಂದೆ ಕಣಿವೆಯೇ ಕಾಣುವುದಿಲ್ಲ. ಬಿಳಿ ಗೋಡೆ ಮುಂದೆ ಕೂತ ಹಾಗೆ ಬರುತ್ತದೆ. ಯಾವ ಡೆಪ್ತ್?

ಪರ್ಸ್‌ಪೆಕ್ಟಿವ್ ಕಲಿತರೆ ಯಾರನ್ನೂ ತುದಿಗೆ ಕಳಿಸಬೇಕಾಗಿಲ್ಲ. ಫ್ರೆಂಡ್ ತುದಿಯಿಂದ ನಾಲ್ಕೈದು ಮೀಟರ್ ಈಚೆ, ಗಟ್ಟಿ ನೆಲದ ಮೇಲೆ ನಿಲ್ಲಲಿ. ನೀನು ಅವನಿಂದ ಇನ್ನೂ ಹದಿನೈದು ಇಪ್ಪತ್ತು ಹೆಜ್ಜೆ ಈಚೆಗೆ ಬಾ. ಫೋನನ್ನು ನೆಲದ ಹತ್ತಿರ ಇಳಿಸು. ಕ್ಯಾಮೆರಾ ಕೆಳಗಿಳಿದಷ್ಟೂ ಅವನ ಪಾದದಿಂದ ತುದಿವರೆಗಿನ ನೆಲ ಮಡಚಿಕೊಂಡು ಮಾಯವಾಗುತ್ತದೆ. ಪಾದದ ಹಿಂದೆ ನೇರ ದೂರದ ಬೆಟ್ಟ, ಆಕಾಶವೇ ಕಾಣುತ್ತದೆ. ಈಗ ಜೂಮ್ ಮಾಡು, ಹಿಂದಿನ ಬೆಟ್ಟಸಾಲು ಅವನ ಹಿಂದೆ ದೊಡ್ಡದಾಗಿ ಬರುತ್ತದೆ. ನೋಡಿದವರಿಗೆ ತುದಿಯಲ್ಲೇ ನಿಂತಿದ್ದಾನೆ ಅನಿಸುತ್ತದೆ. ಅವನ ಮುಖ ಕಣಿವೆ ಕಡೆ ಇರಲಿ, ನೋಡುವ ಕಡೆ ಜಾಗ ಜಾಸ್ತಿ ಬಿಡು.

ಆ ರೀಲನ್ನು ಇಲ್ಲಿ ಹಾಕಬೇಡ.

ತರೀಕೆರೆ ರೈಡರ್: ಆಯ್ತಣ್ಣ. ಬಂಡೆ ಕ್ಯಾನ್ಸಲ್.

ಹೇಮಾವತಿ ಎಕ್ಸ್‌ಪ್ರೆಸ್: ಇದು ಹೋದ ಹುಣ್ಣಿಮೆಯದು. ಶೆಟ್ಟಿಹಳ್ಳಿ ಚರ್ಚ್ ಹಿಂದೆ ಚಂದ್ರ. ಲೈಕ್ ಮಾಡಿ ಫ್ರೆಂಡ್ಸ್.

ಕಾಫಿ ತೋಟದ ಮನೆ: ಅಬ್ಬಾ! ಚಂದ್ರ ಗೋಡೆಗಿಂತ ಅಗಲ!

ಆಲ್ದೂರು ಹುಡುಗ: ಅಂಟಿಸಿದ್ದಾರೆ ಬಿಡಿ.

ಹೇಮಾವತಿ ಎಕ್ಸ್‌ಪ್ರೆಸ್: ರೀ, ಅಲ್ಲಿ ರಾತ್ರಿ ಕೂತಿದ್ದವನು ನಾನು. ನೀವು ಬಂದು ನೋಡಿದ್ದೀರಾ?

ಆಲ್ದೂರು ಹುಡುಗ: ಚಂದ್ರ ಚರ್ಚ್ ಬೆನ್ನ ಹಿಂದೆ ಇದ್ದಾನೆ. ಹಾಗಿದ್ದರೆ ಮುಂದಿನ ಗೋಡೆ ಕಪ್ಪಾಗಬೇಕು. ಇಲ್ಲಿ ಇಟ್ಟಿಗೆ ಎಣಿಸಬಹುದು.

ಹೇಮಾವತಿ ಎಕ್ಸ್‌ಪ್ರೆಸ್: ಕ್ಯಾಮೆರಾ ಯಾವುದು ತಗೊಳ್ಳಲಿ ಅಂತ ಬೆಳಿಗ್ಗೆ ಕೇಳಿದವರು ಈಗ ತೀರ್ಪು ಕೊಡುತ್ತಿದ್ದಾರೆ. ಚಿಕ್ಕಮಗಳೂರಿನವರಿಗೆ ಮುಳ್ಳಯ್ಯನಗಿರಿ ಬಿಟ್ಟು ಬೇರೆ ಕಡೆ ಏನು ಚೆನ್ನಾಗಿದ್ದರೂ ಸಂಕಟ.

ಕಾಫಿ ತೋಟದ ಮನೆ: 1930 ಮೀಟರ್, ರಾಜ್ಯದಲ್ಲೇ ಎತ್ತರ. ಹೇಳಿಕೊಳ್ಳದೆ ಇನ್ನೇನು?

ಬೇಲೂರು ಬಾಯ್: ಎತ್ತರ ಇದ್ದರೆ ಸಾಕಾ? ಭಾನುವಾರ ಅಲ್ಲಿ ಗುಡ್ಡಕ್ಕಿಂತ ಕಾರೇ ಜಾಸ್ತಿ.

ಸಕಲೇಶಪುರ ಸವಿ: ಸಾರ್, ಮಂಜರಾಬಾದ್ ಕೋಟೆಯ ನಕ್ಷತ್ರದ ಆಕಾರ ನನ್ನ ಫೋಟೋದಲ್ಲಿ ಯಾಕೆ ಬರುತ್ತಿಲ್ಲ?

ಸ್ಟುಡಿಯೋ ಸಾರ್: ನೆಲದ ಮೇಲಿಂದ ಬರುವುದಿಲ್ಲ. 1792ರಲ್ಲಿ ಟಿಪ್ಪು ಕಾಲದಲ್ಲಿ ಕಟ್ಟಿದ ಆ ಎಂಟು ಮೂಲೆ ಮೇಲಿಂದ ನೋಡಿದರೆ ಮಾತ್ರ ಕಾಣುತ್ತದೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ಗೋಡೆ ತಿರುಗುವ ಮೂಲೆಯಲ್ಲಿ ನಿಂತು, ಗೋಡೆಯ ಗೆರೆ ಕಣ್ಣನ್ನು ದೂರದ ಬೆಟ್ಟಕ್ಕೆ ಎಳೆದುಕೊಂಡು ಹೋಗುವ ಹಾಗೆ ತೆಗೆಯಿರಿ.

ಚಂದ್ರನ ಜಗಳಕ್ಕೆ: ಚಂದ್ರ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ, ಅಷ್ಟೇ. 5 ಮೀಟರ್ ಅಗಲದ ಗೋಡೆಯಷ್ಟು ಅಗಲ ಕಾಣಬೇಕಾದರೆ ಗೋಡೆಯಿಂದ ಸುಮಾರು 570 ಮೀಟರ್ ದೂರ ನಿಂತು ಉದ್ದ ಲೆನ್ಸ್ ಹಾಕಬೇಕು. ಈ ಫೋಟೋದಲ್ಲಿ ತೆಗೆದವರ ಕಾಲಬುಡದ ಹುಲ್ಲಿನ ಎಸಳೂ ಇದೆ. ಎರಡೂ ಒಂದೇ ಕ್ಲಿಕ್‌ನಲ್ಲಿ ಬರುವುದಿಲ್ಲ.

ಹೇಮಾವತಿ ಎಕ್ಸ್‌ಪ್ರೆಸ್: ಎಡಿಟಿಂಗೂ ಕಲೆಯೇ ಸಾರ್.

ಸ್ಟುಡಿಯೋ ಸಾರ್: ಇರಲಿ. ಹೋದ ಹುಣ್ಣಿಮೆಯದು ಅಂತ ಬರೆಯಬೇಡಿ.

ಆಲ್ದೂರು ಹುಡುಗ: 👏👏👏

ಹೇಮಾವತಿ ಎಕ್ಸ್‌ಪ್ರೆಸ್: ಚಪ್ಪಾಳೆ ಹೊಡೆಯುವವರು ಒಂದು ಸ್ವಂತ ಫೋಟೋ ಹಾಕಲಿ, ನೋಡೋಣ.

ಮೂಡಿಗೆರೆ ಮಳೆ: ಚಾರ್ಮಾಡಿ ಘಾಟಿಯ ಬೆಟ್ಟಸಾಲು ಮಸುಕಾಗಿದೆ ಸಾರ್. ಎಡಿಟಿಂಗ್ ಆ್ಯಪ್‌ನಲ್ಲಿ ಮಸುಕು ತೆಗೆಯುವ ಡಿಹೇಝ್ ಪೂರ್ತಿ ಎಳೆದರೆ ಕ್ಲಿಯರ್ ಆಗುತ್ತದೆ ಅಂತ ಫಾರ್ವರ್ಡ್ ಬಂದಿತ್ತು. ಎಳೆದೆ. ಈಗ ಎಲ್ಲ ಒಂದೇ ಗುಡ್ಡದ ಹಾಗಿದೆ.

ಸ್ಟುಡಿಯೋ ಸಾರ್: ಆಗಲೇಬೇಕು. ಹತ್ತಿರದ ಸಾಲು ಕಪ್ಪು, ಅದರ ಹಿಂದಿನದು ಬೂದು, ಕೊನೆಯದು ಆಕಾಶದ ಬಣ್ಣ. ಹೀಗೆ ತೆಳುವಾಗುತ್ತಾ ಹೋಗುವುದರಿಂದಲೇ ಕಣ್ಣಿಗೆ ದೂರ ತಿಳಿಯುವುದು. ಆ ಮಸುಕನ್ನೇ ಒರೆಸಿದಿರಿ. ಹಳೇ ಫೈಲ್ ಇದೆಯಾ? ಅದೇ ಚೆನ್ನಾಗಿರುತ್ತದೆ.

ಕಾಫಿ ತೋಟದ ಮನೆ: ಫಾರ್ವರ್ಡೆಡ್: ಲೆನ್ಸ್ ಮಸುಕಾಗಿದೆಯೇ? ಟೂತ್‌ಪೇಸ್ಟ್ ಹಚ್ಚಿ ಹತ್ತು ನಿಮಿಷ ಉಜ್ಜಿ, ಹೊಸದರಂತೆ ಹೊಳೆಯುತ್ತದೆ! ಎಲ್ಲರಿಗೂ ಕಳಿಸಿ.

ಸ್ಟುಡಿಯೋ ಸಾರ್: ಯಾರೂ ಮಾಡಬೇಡಿ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ಲೆನ್ಸ್ ಮೇಲಿನ ತೆಳು ಲೇಪನ ಕಿತ್ತು ಹೋಗುತ್ತದೆ, ಆಮೇಲೆ ಬೆಳಕಿನ ಎದುರು ತೆಗೆದದ್ದೆಲ್ಲ ಬಿಳಿಚಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಒಳಗೆ ಬೂಷ್ಟು ಹಿಡಿದಿದ್ದರಂತೂ ಹೊರಗೆ ಏನು ಉಜ್ಜಿದರೂ ಹೋಗುವುದಿಲ್ಲ. ಬೂಷ್ಟು ಹಿಡಿಯದಿರಲು ಲೆನ್ಸನ್ನು ಗಾಳಿ ಆಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೇಡಂ, ಇವತ್ತಿಗೆ ಫಾರ್ವರ್ಡ್ ಸಾಕು ಮಾಡಿ.

ಕಾಫಿ ತೋಟದ ಮನೆ: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಯಾಕೋ.

ಕೊಪ್ಪ ಕುಮಾರ: ಸಾರ್, ಬಿಗಿನರ್‌ಗೆ ಬೆಸ್ಟ್ ಕ್ಯಾಮೆರಾ ಯಾವುದು?

ಸ್ಟುಡಿಯೋ ಸಾರ್: ಮೇಲೆ ಹೋಗಿ.

ಬೇಲೂರು ಬಾಯ್: ಮದುವೆ ಆಲ್ಬಂ ರೇಟ್ ಎಷ್ಟು ಸಾರ್?

ಹೇಮಾವತಿ ಎಕ್ಸ್‌ಪ್ರೆಸ್: ಆಲ್ದೂರಿನವರೇ, ಫೋಟೋ ಎಲ್ಲಿ?

ಆಲ್ದೂರು ಹುಡುಗ: ಇನ್‌ಬಾಕ್ಸ್‌ಗೆ ಬನ್ನಿ, ಚಂದ್ರ ಸಮೇತ ಕಳಿಸುತ್ತೇನೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದರೆ ತೆಗೆಯುತ್ತೇನೆ.

ಸಖರಾಯಪಟ್ಟಣ ಟೀಚರ್: ಸಾರ್, ಸಂಜೆ ಮತ್ತೆ ಕೆರೆಗೆ ಹೋಗಿದ್ದೆ. ಹಿಂದೆ ಸರಿದು ಎರಡರಷ್ಟು ಜೂಮ್, ಎಡಕ್ಕೆ ನಾಲ್ಕು ಹೆಜ್ಜೆ. ನೋಡಿ ಹೇಳಿ.

ಸ್ಟುಡಿಯೋ ಸಾರ್: ಗುಡ್ಡ ಬಂತು, ತೂಕವೂ ಕೂತಿದೆ. ಒಂದೇ ತಕರಾರು. ಕಲ್ಲಿನ ತುದಿ ಆಚೆ ದಡದ ಗೆರೆಗೆ ಸರಿಯಾಗಿ ಮುಟ್ಟುತ್ತಿದೆ. ಕಲ್ಲು ದಡಕ್ಕೆ ಅಂಟಿಕೊಂಡು ನಡುವಿನ ನೀರಿನ ದೂರವೇ ಹೋಗಿದೆ. ಫೋನನ್ನು ಒಂದು ಅಡಿ ಮೇಲೆ ಎತ್ತಿ ಹಿಡಿಯಿರಿ. ಕಲ್ಲು ಕೆಳಗಿಳಿಯುತ್ತದೆ, ನಡುವೆ ಒಂದು ಪಟ್ಟಿ ನೀರು ಕಾಣುತ್ತದೆ. ಬೆಳಿಗ್ಗೆ ಬೆಳಕಿನಲ್ಲಿ ಮತ್ತೆ ತೆಗೆದು ಕಳಿಸಿ. ಗ್ರೂಪಿಗೆ ಬೇಡ, ನನಗೆ ಕಳಿಸಿ.