ಧಾರವಾಡದಿಂದ ಪುಣೆಗೆ ಕುದುರೆಯ ಹಳೆಯ ಜೀನು ಕಳಿಸಬೇಕು, ಹೇಗೆ ಕಟ್ಟಲಿ?

ಮಾಳಮಡ್ಡಿ ಅಕ್ಕ:

ನಮಸ್ಕಾರ್ರೀ. ಮಗಳು ಬೆಂಗಳೂರಿನಲ್ಲಿ ಓದುವಾಗ ಕುದುರೆ ಸವಾರಿ ಕಲಿತಳು. ನಾಲ್ಕು ವರ್ಷ ಒಂದು ಭಾನುವಾರವೂ ಬಿಡಲಿಲ್ಲ. ಈಗ ಕೆಲಸ ಸಿಕ್ಕು ಜರ್ಮನಿಗೆ ಹೋಗಿದ್ದಾಳೆ, ಸಾಮಾನೆಲ್ಲ ನಮ್ಮ ಅಟ್ಟದ ಮೇಲಿದೆ. ಕಾನ್ಪುರದ ಚರ್ಮದ ಜೀನು, 17 ಇಂಚಿನದು. ಜೊತೆಗೆ ಲಗಾಮು, ರಿಕಾಬು (ಸವಾರರು ಪಾದ ಇಡುವ ಕಬ್ಬಿಣ), ಹೆಲ್ಮೆಟ್, ಉದ್ದ ಬೂಟು. ಆನ್‌ಲೈನ್‌ನಲ್ಲಿ ಫೋಟೋ ಹಾಕಿದ್ದೆ. ಪುಣೆಯ ಒಬ್ಬ ಹುಡುಗಿ ಜೀನು, ರಿಕಾಬು ಮತ್ತು ಲಗಾಮು ಕೊಂಡಿದ್ದಾಳೆ. ಪೂರ್ತಿ ಹಣವನ್ನೂ ಹಾಕಿಬಿಟ್ಟಿದ್ದಾಳೆ.

ನನಗೆ ಹೆದರಿಕೆ ಯಾಕೆಂದರೆ, ಹೋದ ವರ್ಷ ಜುಲೈನಲ್ಲಿ ಇನ್ನೊಂದು ಲಗಾಮು ಮಾರಿದ್ದೆ. ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎರಡು ದಿನ ಒಳಗೇ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಟೇಪು ಸುತ್ತಿ ಕಳಿಸಿದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ಲ. ಮೇಲೆ ಒಣಗಿದಂತೆ ಕಂಡರೂ ಬಕಲ್ ಹತ್ತಿರ, ಪಟ್ಟಿ ಮಡಿಚಿ ಹೊಲಿದ ಜಾಗದಲ್ಲಿ ಪಸೆ ಉಳಿದಿತ್ತು. ಹತ್ತು ದಿನಕ್ಕೆ ತಲುಪಿದಾಗ ಪಟ್ಟಿಯ ತುಂಬ ಬೂಷ್ಟು. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟೆ. ಆದರೆ ಮಗಳು ವಾರವಾರ ಕೂತು ತಿಕ್ಕಿ ಇಟ್ಟಿದ್ದ ಸಾಮಾನದು, ತುಂಬಾ ಸಂಕಟವಾಯಿತು.

ಈ ಸಲ ಹಾಗಾಗಬಾರದು. ಪೆಟ್ಟಿಗೆ ಎಂಥದ್ದು ಬೇಕು? ಪ್ಲಾಸ್ಟಿಕ್ ಬದಲು ಏನು? ಇನ್ನೊಂದು, ಜೀನಿನ ತೂಕ 7 ಕೆಜಿ. ಕೊರಿಯರ್‌ನವರು 27 ಕೆಜಿಗೆ ದುಡ್ಡು ಕೇಳುತ್ತಿದ್ದಾರೆ. ಇದು ಸರಿಯಾ?

ಗೋಕುಲ ರೋಡ್ ಹುಡುಗ:

ಅಕ್ಕಾರೇ, ಅವರು ಮೋಸ ಮಾಡುತ್ತಿಲ್ಲ. ದೊಡ್ಡ ಪೆಟ್ಟಿಗೆಗೆ ಜಾಗದ ಲೆಕ್ಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ತುಂಬಾ ಕಡೆ ಇರುವ ರೂಢಿ. ನಿಮ್ಮ ಪೆಟ್ಟಿಗೆ 60, 50, 45 ಇರಬೇಕು, ಅಲ್ವಾ? ಲೆಕ್ಕ ಹಾಕಿದರೆ ಸರಿಯಾಗಿ 27 ಬರುತ್ತದೆ. ಅದನ್ನೇ 56, 46, 36ಕ್ಕೆ ಇಳಿಸಿದರೆ 18.5. ಅಳತೆ ಹಿಡಿದು ಪೆಟ್ಟಿಗೆ ಕತ್ತರಿಸಿಕೊಳ್ಳಿ. ಹುಬ್ಬಳ್ಳಿಯ ಲಾರಿ ಆಫೀಸುಗಳಲ್ಲೂ ಒಮ್ಮೆ ಕೇಳಿ. ಎರಡು ದಿನ ತಡವಾದರೂ ನನಗೆ ಕಡಿಮೆಗೆ ಬಿದ್ದಿದೆ.

ಹಳೇ ಹುಬ್ಬಳ್ಳಿ ಕಾಕಾ:

ತಂಗೀ, ಪೆಟ್ಟಿಗೆ ಆಮೇಲೆ. ನಮ್ಮ ಅಪ್ಪ ಟಾಂಗಾ ಕುದುರೆಗಳ ಪಟ್ಟಿ, ಲಗಾಮು ಹೊಲಿಯುತ್ತಿದ್ದರು. ನಾನೂ ಜೀನು ರಿಪೇರಿ ಮಾಡಿದವನು. ಮೊದಲು ಜೀನಿನ ಒಳಗಿನ ಟ್ರೀ ನೋಡು. ಚರ್ಮದ ಕೆಳಗೆ ಮರದ ಚೌಕಟ್ಟು ಇರುತ್ತದಲ್ಲ, ಅದು. ಅದು ಸೀಳಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಆದರೆ ಸವಾರನ ಭಾರ ಒಂದೇ ಕಡೆ ಬಿದ್ದು ಕುದುರೆಯ ಬೆನ್ನು ಹುಣ್ಣಾಗುತ್ತದೆ. ಅದಕ್ಕೆ ಬಾಯಿಲ್ಲ, ಹೇಳಲಿಕ್ಕೆ ಬರುವುದಿಲ್ಲ.

ಜೀನಿನ ಮುಂದಿನ ತುದಿ ನಿನ್ನ ಹೊಟ್ಟೆಗೆ ಆನಿಸಿಕೊ. ಹಿಂದಿನ ಏರನ್ನು ಎರಡೂ ಕೈಯಿಂದ ನಿನ್ನ ಕಡೆ ಎಳೆ. ಸ್ವಲ್ಪ ಬಾಗಿ ಸ್ಪ್ರಿಂಗಿನಂತೆ ವಾಪಸ್ ಹೋದರೆ ಸರಿ. ಕೂರುವ ಜಾಗದಲ್ಲಿ ಅಡ್ಡ ಸುಕ್ಕು ಬಿದ್ದು ಕರಕರ ಅಂದರೆ ಟ್ರೀ ಹೋಗಿದೆ. ಜೀನಿನ ಮುಂದೆ ಎರಡೂ ಬದಿಗೆ ಇಳಿದಿರುವ ಟ್ರೀಯ ಕಾಲುಗಳನ್ನೂ ಒಳಗೆ ಒತ್ತಿ ನೋಡು, ಅವು ಅಲುಗಾಡಲೇಬಾರದು. ಇದನ್ನು ವಿಡಿಯೋ ಮಾಡಿ ಪುಣೆಯ ಹುಡುಗಿಗೆ ಕಳಿಸು.

ಆಮೇಲೆ ಎಲ್ಲ ಬಿಚ್ಚು. ರಿಕಾಬು ಜೀನಿಗೆ ತೂಗಿಸಿಯೇ ಕಳಿಸುವವರು ಬಹಳ. ದಾರಿಯಲ್ಲಿ ಆ ಕಬ್ಬಿಣ ಚರ್ಮಕ್ಕೆ ಉಜ್ಜಿ ಉಜ್ಜಿ ಗಾಯ ಮಾಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತು. ಪಟ್ಟಿಗಳನ್ನು ಮಡಿಚಬೇಡ, ಸುರುಳಿ ಸುತ್ತು. ಮಡಿಚಿದಲ್ಲೇ ಚರ್ಮ ಬಿರಿಯುತ್ತದೆ. ಲಗಾಮಿನಿಂದ ಕುದುರೆಯ ಬಾಯಿಗೆ ಹಾಕುವ ಕಬ್ಬಿಣ ಬಿಚ್ಚಿ, ಬಿಸಿನೀರಿನಲ್ಲಿ ಕುದಿಸಿ ಒಣಗಿಸು. ಕುದುರೆಯ ಜ್ವರ, ಚರ್ಮರೋಗ ಸಾಮಾನಿನ ಜೊತೆ ಊರೂರು ತಿರುಗುತ್ತವೆ.

ತೊಳೆಯುವುದಕ್ಕೆ ಗ್ಲಿಸರಿನ್ ಸೋಪು, ಹಿಂಡಿದ ಸ್ಪಂಜು ಸಾಕು. ನೆರಳಿನಲ್ಲಿ, ಫ್ಯಾನ್ ಕೆಳಗೆ ನಾಲ್ಕು ದಿನ ಬಿಡು. ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬೇಡ. ಕಟ್ಟುವ ದಿನ ಹೊಳೆಯಲಿ ಅಂತ ಸುಮ್ನೆ ಎಣ್ಣೆ ಹಚ್ಚಬೇಡ.

ಜೀನಿನ ಕೆಳಗೆ ನಡುವೆ ಒಂದು ಓಣಿ ಇದೆಯಲ್ಲ, ಅಲ್ಲಿ ಟವೆಲ್ ಸುರುಳಿ ಬಿಗಿಯಾಗಿ ತುರುಕು. ಮೇಲಿನಿಂದ ಏನಾದರೂ ಬಿದ್ದರೂ ಕಾಲುಗಳು ಹಿಸುಕುವುದಿಲ್ಲ. ಮೈಗೆ ಹಳೆಯ ಹತ್ತಿ ಸೀರೆ ಸುತ್ತು, ಅದರ ಮೇಲೆ ಕೌದಿ. ಚರ್ಮಕ್ಕೆ ಪ್ಲಾಸ್ಟಿಕ್ ತಾಗಲೇಬಾರದು. ಮಳೆಗೆ ಬೇಕಾದರೆ ಪೆಟ್ಟಿಗೆಯ ಹೊರಗೆ ಸುತ್ತು.

ಬ್ಯಾಡಗಿಯವ:

ಕಾಕಾ ಹೇಳಿದ್ದು ಸರಿ. ನನ್ನದೊಂದು ಮಾತು. ಮೆಣಸಿನಕಾಯಿ ತುಂಬಿದ್ದ ಪೆಟ್ಟಿಗೆ, ಚೀಲ ಬಳಸಬೇಡಿ. ಆ ಘಾಟು ಚರ್ಮಕ್ಕೆ ಹತ್ತಿದರೆ ಹೋಗುವುದಿಲ್ಲ, ಕುದುರೆಯ ಮೂಗಿನ ಹತ್ತಿರ ಇರುವ ಸಾಮಾನು. ಹೊಸ ಗೋಣಿ ತಂದು, ಪೆಟ್ಟಿಗೆಯ ಮೇಲೆ ಹಾಕಿ ದಬ್ಬಣ, ಸುತಳಿಯಿಂದ ಹೊಲಿಯಿರಿ. ಎತ್ತುವವರಿಗೆ ಹಿಡಿಯಲು ನಾಲ್ಕು ಮೂಲೆಗೂ ಕಿವಿ ಬಿಡಿ. ಕೈಗೆ ಹಿಡಿತ ಸಿಕ್ಕರೆ ಯಾರೂ ಎತ್ತಿ ಒಗೆಯುವುದಿಲ್ಲ.

ಗದಗ ಸವಾರ:

ಹೆಲ್ಮೆಟ್ ಮಾತ್ರ ದಯವಿಟ್ಟು ಮಾರಬೇಡಿ. ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಹೊಸದರಂತೆ ಕಂಡರೂ ಒಳಗಿನ ಥರ್ಮಾಕೋಲ್‌ನಂಥ ಪದರ ಅಮುಕಿ ಹೋಗಿರುತ್ತದೆ. ಎರಡನೇ ಸಲ ಏಟು ಬಿದ್ದರೆ ತಲೆ ಕಾಯುವುದಿಲ್ಲ.

ಮಾಳಮಡ್ಡಿ ಅಕ್ಕ:

ಎಲ್ಲರಿಗೂ ಮನಸಾರೆ ಧನ್ಯವಾದ. ಮಗಳಿಗೆ ಫೋನ್ ಮಾಡಿ ಕೇಳಿದೆ, ಆ ಹೆಲ್ಮೆಟ್ ಹಾಕಿಕೊಂಡು ಎರಡು ಸಲ ಬಿದ್ದಿದ್ದಳಂತೆ. ನನಗೆ ಹೇಳಿಯೇ ಇರಲಿಲ್ಲ. ಫೋಟೋ ತೆಗೆದುಹಾಕಿದೆ.

ಕಾಕಾ, ನೀವು ಹೇಳಿದಂತೆ ಎಳೆದು ನೋಡಿದೆ. ಸದ್ದಿಲ್ಲ, ಸುಕ್ಕಿಲ್ಲ. ನಾಲ್ಕಲ್ಲ, ಆರು ದಿನ ಫ್ಯಾನ್ ಕೆಳಗೆ ಇಟ್ಟೆ. ಪ್ರತಿ ಬಕಲ್ ಬಿಚ್ಚಿ, ಮಡಿಕೆಯೊಳಗೆ ಬೆರಳು ಹಾಕಿ ನೋಡಿದೆ. ಅತ್ತೆ ಹೊಲಿದ ಕೌದಿಯಲ್ಲೇ ಸುತ್ತಿದೆ. ಶೂ ಡಬ್ಬಿಗಳಲ್ಲಿ ಬಂದಿದ್ದ, ಪಸೆ ಹೀರುವ ಸಿಲಿಕಾ ಪೊಟ್ಟಣಗಳನ್ನು ಸೀರೆಯ ಮಡಿಕೆಯಲ್ಲಿ ಇಟ್ಟೆ. ಲಾರಿ ಆಫೀಸಿನಲ್ಲಿ ತೂಕ 11 ಕೆಜಿ ಬಂತು, ಅಷ್ಟಕ್ಕೇ ದುಡ್ಡು ತಗೊಂಡರು.

ನಿನ್ನೆ ತಲುಪಿದೆ. ಬೂಷ್ಟು ಇಲ್ಲ, ಒಂದು ಗೀರೂ ಇಲ್ಲ. ಆ ಹುಡುಗಿಯೂ ವಿಡಿಯೋದಲ್ಲಿ ನೋಡಿದಂತೆಯೇ ಹೊಟ್ಟೆಗೆ ಆನಿಸಿ ಎಳೆದು ನೋಡಿದಳಂತೆ. ಕೌದಿ ವಾಪಸ್ ಕಳಿಸುತ್ತೇನೆ ಎಂದಳು. ಬೇಡಮ್ಮಾ, ಜೀನಿಗೇ ಹೊದಿಸು ಅಂದೆ.

ಇನ್ನು ಬೂಟು ಉಳಿದಿವೆ ಕಾಕಾ. ಹಾವೇರಿಯಿಂದ ಒಬ್ಬರು ಕೇಳಿದ್ದಾರೆ. ಮೊಣಕಾಲಿನವರೆಗೆ ಬರುವ ಬೂಟು, ಹಿಮ್ಮಡಿಯ ಮೇಲೆ ಕುಸಿದು ಕೂರುತ್ತವೆ. ಒಳಗೆ ಏನು ತುಂಬಲಿ?

ಹಳೇ ಹುಬ್ಬಳ್ಳಿ ಕಾಕಾ:

ಹಳೆಯ ಪೇಪರನ್ನು ಹಳೇ ದಿಂಬಿನ ಗವಸಿನಲ್ಲಿ ಹಾಕಿ, ಗಟ್ಟಿಯಾಗಿ ಸುತ್ತಿ, ಹಿಮ್ಮಡಿವರೆಗೂ ಇಳಿಸು. ಪೇಪರ್ ನೇರವಾಗಿ ಹಾಕಿದರೆ ಮಸಿ ಹತ್ತುತ್ತದೆ. ಎರಡೂ ಬೂಟಿನ ನಡುವೆ ಒಂದು ಟವೆಲ್ ಇರಲಿ. ಹಿಮ್ಮಡಿ ಒಂದು ಈ ಕಡೆ, ಇನ್ನೊಂದು ಆ ಕಡೆ ಮಾಡಿ ಮಲಗಿಸು.