ಅಪ್‌ಡೇಟ್: ಸಿಡಿಲಿಗೆ ಹೋಗಿದ್ದ ವಾಷಿಂಗ್ ಮಷಿನ್ ಬೋರ್ಡ್ ಮತ್ತೆ ಚಾಲೂ ಆಯ್ತು

ಕಲಬುರಗಿಯಲ್ಲಿ ಸಿಡಿಲು-ಮಳೆ ಆದ ರಾತ್ರಿ ನಮ್ಮ ವಾಷಿಂಗ್ ಮಷಿನ್ ಬಂದ್ ಬಿತ್ತು, ಏನು ಮಾಡೋದು ಅಂತ ಕೇಳಿದ್ದೆನಲ್ಲ, ಈಗ ಸರಿಯಾಗಿದೆ.

ಬೋರ್ಡಿನ ಫ್ಯೂಸ್ ಒಂದೇ ಬದಲಿಸಿ ಅನ್ನೋ ಸಲಹೆ ಫಲಿಸಲಿಲ್ಲ. ಹೊಸದೂ ಹಾಕಿದ ಕೂಡಲೇ ಹಾರಿತು. ಫ್ಯೂಸ್ ಪಕ್ಕದ ನೀಲಿ ಬಿಲ್ಲೆ ನೋಡಿ ಅಂದ ಅಣ್ಣಾರ ಮಾತೇ ಖರೆ. ಅದು ವೇರಿಸ್ಟರ್, ಅಂದರೆ ವೋಲ್ಟೇಜ್ ಹೊಡೆತದಿಂದ ಬೋರ್ಡ್ ಕಾಯೋ ಭಾಗ. ಸೀಳಿ ಕರ್ರಗಾಗಿತ್ತು, ಮೀಟರ್ ಹಚ್ಚಿದರೆ ಪೂರ್ತಿ ಶಾರ್ಟ್. ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಅಂಗಡಿಯಲ್ಲಿ ಅದೇ ನಂಬರಿನದು, 14ಡಿ471, ಹಾಕಿಸಿದೆ. ಫ್ಯೂಸೂ ಹೊಸದು.

ಆ ನಂಬರಿಗೂ ಅರ್ಥ ಇದೆ. 14 ಅಂದರೆ ಬಿಲ್ಲೆಯ ಅಗಲ, ಮಿಲಿಮೀಟರ್‌ನಲ್ಲಿ. 471 ಅಂದರೆ 47ರ ಮುಂದೆ ಒಂದು ಸೊನ್ನೆ, 470 ವೋಲ್ಟ್; ಸುಮಾರು ಅಲ್ಲಿಂದ ಅದು ಕರೆಂಟ್ ಬಿಡೋಕೆ ಶುರು ಮಾಡುತ್ತದೆ. ಒಳಗಿರೋದು ಸತುವಿನ ಆಕ್ಸೈಡ್. ಮಾಮೂಲಿ 230 ವೋಲ್ಟ್‌ಗೆ ಸುಮ್ನೆ ಕೂತಿರುತ್ತದೆ. ವೋಲ್ಟೇಜ್ ಚಿಮ್ಮಿದರೆ ತಟ್ಟನೆ ಕರೆಂಟಿಗೆ ದಾರಿ ಬಿಟ್ಟು ಹೊಡೆತ ತಾನೇ ತಿನ್ನುತ್ತದೆ. ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದಂತೆ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಈ ವೇರಿಸ್ಟರ್ ಕಿತ್ತುಹಾಕಿದರೂ ಮಷಿನ್ ಓಡುತ್ತದೆ! ಕೆಲವು ರಿಪೇರಿಯವರು ಹೊಸದು ಹಾಕದೆ ಹಾಗೇ ಕಳಿಸುತ್ತಾರಂತೆ. ಮುಂದಿನ ಸಿಡಿಲಿಗೆ ಆಗ ಇಡೀ ಬೋರ್ಡೇ ಹೋಗಬಹುದು.

ಸ್ಟೆಬಿಲೈಸರ್ ತಗೊಳ್ಳಿ ಅಂದವರಿಗೆ: ರಿಲೇ (ಕರೆಂಟಿನಿಂದ ಓಡೋ ಸ್ವಿಚ್) ಇರೋ ಸ್ಟೆಬಿಲೈಸರ್ ಸಿಡಿಲಿನ ವೇಗಕ್ಕೆ ಸಾಲದು. ಆದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಕಟ್ಟಾಗಿ ಜಾಸ್ತಿ ವೋಲ್ಟೇಜ್ ಬಂದು ನಿಂತರೆ ವೇರಿಸ್ಟರೂ ಸುಟ್ಟುಹೋಗುತ್ತದೆ. ಅದಕ್ಕೆ ಲೈನ್ ಕಡಿಯುವ ಕಟ್‌ಆಫ್ ಬೇರೆಯೇ ಬೇಕು.