ಚನ್ನಗಿರಿಯಲ್ಲಿ ಅಡಿಕೆ ಹಾಳೆ ತಟ್ಟೆಯ ಘಟಕ ಹಾಕಬೇಕೆಂದಿದ್ದೇನೆ, ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ (ಚನ್ನಗಿರಿ ತಾಲ್ಲೂಕಿನಿಂದ)

ನಮ್ಮದು ಸೂಳೆಕೆರೆ ಸಮೀಪದ ಹಳ್ಳಿ, ಮೂರು ಎಕರೆ ಅಡಿಕೆ ತೋಟವಿದೆ. ಬೇಸಿಗೆಯಲ್ಲಿ ಸೋಗೆ ಕಳಚಿ ಬಿದ್ದು ತೋಟದ ತುಂಬ ಹಾಳೆ ಹರಡಿರುತ್ತದೆ. ಕೆಲವರು ಅದನ್ನು ಮರದ ಬುಡಕ್ಕೆ ಹಾಕುತ್ತಾರೆ, ಕೆಲವರು ಒಲೆಗೆ ಒಟ್ಟುತ್ತಾರೆ, ಬದುವಿನ ಮೇಲೆ ರಾಶಿ ಮಾಡಿ ಬೆಂಕಿ ಕೊಡುವವರೂ ಇದ್ದಾರೆ. ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಒಂದು ಮದುವೆಯ ಮರುದಿನ, ಛತ್ರದ ಹಿಂದೆ ಬಿದ್ದಿದ್ದ ಥರ್ಮಾಕೋಲ್ ತಟ್ಟೆ ಮತ್ತು ಪ್ಲಾಸ್ಟಿಕ್ ಲೋಟಗಳ ಗುಡ್ಡೆಯಲ್ಲಿ ದನಗಳು ಅನ್ನ ಹುಡುಕಿ ತಿನ್ನುತ್ತಿದ್ದುದನ್ನು ಕಂಡೆ. ಇಂತಹ ತಟ್ಟೆ ಲೋಟಗಳಿಗೆ ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೂ, ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷೇಧವಿದೆ. ಆದರೂ ಸಂತೆಯಲ್ಲಿ ಅವು ಸಿಗುತ್ತಲೇ ಇವೆ, ಏಕೆಂದರೆ ಅಷ್ಟು ಅಗ್ಗದ ಬದಲಿ ವಸ್ತು ಜನರ ಕೈಗೆ ಇನ್ನೂ ಬಂದಿಲ್ಲ.

ಆದ್ದರಿಂದ ಹಾಳೆ ತಟ್ಟೆಯ ಸಣ್ಣ ಘಟಕವೊಂದನ್ನು ಹಾಕಬೇಕೆಂದು ನಾನೂ ನನ್ನ ಹೆಂಡತಿಯೂ ಯೋಚಿಸುತ್ತಿದ್ದೇವೆ. ವರ್ಷವಿಡೀ ಹಾಳೆ ಸಿಗುವುದೇ, ದಾವಣಗೆರೆಯಲ್ಲಿ ಮಾರಾಟ ಹೇಗೆ, ಸಾಲ ಎಲ್ಲಿ ಕೇಳಬೇಕು ಎಂಬುದನ್ನು ತಿಳಿದವರು ಹೇಳಬೇಕು. ಕಸ ತಗ್ಗಿಸಲು ಹೊರಟ ಘಟಕವೇ ಹೊಸ ಕಸ ಹುಟ್ಟಿಸಬಾರದೆಂಬ ಆಸೆಯೂ ಇದೆ.

ಉತ್ತರ 1 (ಹೊಳಲ್ಕೆರೆಯಿಂದ)

ಏಳು ವರ್ಷದಿಂದ ಎರಡು ಅಚ್ಚಿನ ಯಂತ್ರ ನಡೆಸುತ್ತಿದ್ದೇನೆ. ಕೆಲಸ ನೋಡಲು ಸರಳ: ಒಣಗಿದ ಹಾಳೆಯನ್ನು ಮೆದುವಾಗುವವರೆಗೆ ನೀರಿನಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ ತೊಳೆದು, ನೀರು ಬಸಿದ ಮೇಲೆ ಬಿಸಿ ಅಚ್ಚಿನ ನಡುವೆ ಒತ್ತಿದರೆ ತಟ್ಟೆಯಾಗುತ್ತದೆ. ಅಂಟಾಗಲಿ ಬಣ್ಣವಾಗಲಿ ಬೇಕಿಲ್ಲ. ಈ ಉದ್ಯಮದ ಗೆಲುವು ಸೋಲುಗಳು ನಿರ್ಧಾರವಾಗುವುದು ಯಂತ್ರದ ಮುಂದೆ ಅಲ್ಲ, ಗೋದಾಮಿನಲ್ಲಿ. ಒಳ್ಳೆಯ ಹಾಳೆ ಸಿಗುವುದು ಮಳೆ ನಿಂತ ಮೇಲಿಂದ ಮುಂದಿನ ಮುಂಗಾರಿನವರೆಗೆ ಮಾತ್ರ. ಮಳೆಗಾಲದಲ್ಲಿ ಬಿದ್ದ ಹಾಳೆ ಒದ್ದೆ ನೆಲದಲ್ಲಿ ಎರಡು ದಿನ ಉಳಿದರೆ ಕಪ್ಪು ಬೂಷ್ಟು ಹಿಡಿದು ತಟ್ಟೆಗೆ ಬಾರದು. ಹಾಗಾಗಿ ಬೇಸಿಗೆಯಲ್ಲೇ ನಾಲ್ಕೈದು ತಿಂಗಳಿಗೆ ಸಾಲುವಷ್ಟು ಹಾಳೆ ಕೊಂಡು, ಚೆನ್ನಾಗಿ ಒಣಗಿಸಿ, ನೆಲದಿಂದ ಮೇಲೆ ಅಟ್ಟಣಿಗೆಯಲ್ಲಿ ಒಟ್ಟಬೇಕು. ಮೊದಲ ವರ್ಷ ನಾನು ತಗಡಿನ ಶೆಡ್ಡಿನ ನೆಲದ ಮೇಲೆಯೇ ಒಟ್ಟಿದ್ದೆ. ಆಷಾಢ ಮುಗಿಯುವ ಹೊತ್ತಿಗೆ ಅರ್ಧದಷ್ಟು ಗೊಬ್ಬರದ ಗುಂಡಿ ಸೇರಿತು.

ಯಾವ ತೋಟದ ಹಾಳೆ ಎಂಬುದೂ ಮುಖ್ಯ. ಕೊಳೆ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆದ ತೋಟಗಳಲ್ಲಿ ಹಾಳೆಯ ಮೇಲೆ ನೀಲಿ ಕಲೆ ಉಳಿದಿರುತ್ತದೆ. ಅಂತಹದನ್ನು ನಾನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳುವುದಿಲ್ಲ. ಊಟದ ತಟ್ಟೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕೇ ಬೇಕು.

ರಫ್ತಿನ ಆಸೆ ತೋರಿಸಿ ಯಂತ್ರ ಮಾರುವವರು ಬರುತ್ತಾರೆ, ಎಚ್ಚರವಿರಲಿ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯಲ್ಲಿರುವ ಅರೆಕೋಲಿನ್ ಮೊದಲಾದ ಆಲ್ಕಲಾಯ್ಡ್‌ಗಳು (ಗಿಡದಲ್ಲೇ ಇರುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು, ಈ ತಟ್ಟೆಗಳು ಊಟಕ್ಕೆ ತಕ್ಕವಲ್ಲವೆಂದು ಹೇಳಿ ಆಮದನ್ನು ತಡೆಯಲು ಮುಂದಾಯಿತು. ನಮ್ಮ ತಟ್ಟೆಯ ಬಗ್ಗೆ ನನಗೆ ಅಭಿಮಾನವಿದ್ದರೂ ಈ ಸಂಗತಿಯನ್ನು ನಿಮ್ಮಿಂದ ಮುಚ್ಚಿಡುವುದು ತಪ್ಪಾಗುತ್ತದೆ. ನೀವು ನೆಚ್ಚಬೇಕಾದದ್ದು ಹತ್ತಿರದ ಮಾರುಕಟ್ಟೆಯನ್ನೇ. ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿಯನ್ನು ಈಗಲೂ ಹಲವೆಡೆ ಹಳೆಯ ಪತ್ರಿಕೆಯಲ್ಲಿ ಕೊಡುತ್ತಾರೆ. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿರುವಾಗ, ಆರು ಅಂಗುಲದ ಸಣ್ಣ ದೊನ್ನೆಗೆ ಅಲ್ಲಿ ಖಂಡಿತ ಜಾಗವಿದೆ. ಮದುವೆಯ ದೊಡ್ಡ ತಟ್ಟೆಗಿಂತ ನನ್ನ ಘಟಕವನ್ನು ಉಳಿಸಿದ್ದು ಇಂತಹ ದೊನ್ನೆಗಳೇ.

ಸಾಲಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವಿದೆ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇ 35 ಸಹಾಯಧನ ಸಿಗುತ್ತದೆ. ಆ ಹಣ ಕೂಡಲೇ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಉದ್ಯಮ ನೋಂದಣಿಗೆ ಶುಲ್ಕವಿಲ್ಲ, ಅದಕ್ಕಾಗಿ ಮಧ್ಯವರ್ತಿಗೆ ಹಣ ಕೊಡಬೇಡಿ.

ಉತ್ತರ 2 (ದಾವಣಗೆರೆಯಿಂದ)

ಮೇಲಿನ ಮಾತುಗಳನ್ನು ಗೌರವಿಸುತ್ತಲೇ ಬೇರೊಂದು ದಾರಿ ಹೇಳಬಯಸುತ್ತೇನೆ. ಹಾಳೆ ತಟ್ಟೆ ಮಣ್ಣಿಗೆ ಸೇರುತ್ತದೆ, ನಿಜ. ಆದರೆ ಒಂದು ಊಟಕ್ಕೆ ಒತ್ತಿ, ಸಾಗಿಸಿ, ಎಸೆಯುವ ವಸ್ತು ಅದು ಎಂಬುದೂ ಅಷ್ಟೇ ನಿಜ. ಬುಡಕ್ಕೆ ಹಾಕಿದ ಹಾಳೆಯಾದರೂ ತೇವ ಹಿಡಿದಿಟ್ಟು ಗೊಬ್ಬರವಾಗುತ್ತದೆ, ಅದನ್ನೂ ಕಸವೆಂದು ಎಣಿಸಿ ತೋಟದಿಂದ ಹೊರಗೆ ತರುವುದು ಸರಿಯಲ್ಲ. ಸುಟ್ಟು ಹೋಗುತ್ತಿರುವ ಹಾಳೆಯನ್ನಷ್ಟೇ ನೀವು ಕೊಂಡರೆ ನನ್ನ ಆಕ್ಷೇಪವಿಲ್ಲ.

ನಾವು ಹನ್ನೆರಡು ಜನ ಹೆಂಗಸರ ಸ್ವಸಹಾಯ ಸಂಘದಿಂದ ಸ್ಟೀಲ್ ತಟ್ಟೆ, ಲೋಟ, ಬಟ್ಟಲುಗಳನ್ನು ಬಾಡಿಗೆಗೆ ಕೊಡುತ್ತೇವೆ. ಇದೇನೂ ಹೊಸ ಆಲೋಚನೆಯಲ್ಲ. ನಮ್ಮ ಹಳ್ಳಿಗಳಲ್ಲಿ ದೇವಸ್ಥಾನದ ಪಾತ್ರೆ, ಊರ ಪಾತ್ರೆ ಎಂದು ಇರುತ್ತಿತ್ತು, ಮದುವೆ ಬಂದರೆ ಹಂಡೆ, ಕೊಳಗ, ಪರಾತಗಳನ್ನು ಲೆಕ್ಕ ಬರೆಸಿ ಒಯ್ದು, ತೊಳೆದು ಹಿಂದಿರುಗಿಸುತ್ತಿದ್ದರು. ನಾವು ಆ ಪದ್ಧತಿಯನ್ನು ಊಟದ ತಟ್ಟೆಯವರೆಗೆ ಹಿಗ್ಗಿಸಿದ್ದೇವೆ ಅಷ್ಟೆ. 400 ಜೊತೆಯಿಂದ ಆರಂಭಿಸಿದೆವು. ಒಂದು ಜೊತೆಗೆ ನಾಲ್ಕು ರೂಪಾಯಿ ಬಾಡಿಗೆ, ತೊಳೆಯುವುದನ್ನೂ ನಮಗೇ ಬಿಟ್ಟರೆ ಮೇಲೆ ಮೂರು ರೂಪಾಯಿ.

ಎರಡು ವಿಷಯಗಳಲ್ಲಿ ನಾವು ಪೆಟ್ಟು ತಿಂದು ಕಲಿತೆವು. ಮೊದಲನೆಯದು ಲೆಕ್ಕ. ತಟ್ಟೆಗಳನ್ನು ಸಡಿಲವಾಗಿ ಕೊಟ್ಟ ದಿನಗಳಲ್ಲಿ ಪ್ರತಿ ಮದುವೆಗೂ ಹತ್ತಿಪ್ಪತ್ತು ಕಾಣೆಯಾಗುತ್ತಿದ್ದವು. ಈಗ ಪ್ರತಿ ತಟ್ಟೆಯ ಅಂಚಿಗೂ ಸಂಘದ ಹೆಸರು ಕೆತ್ತಿಸಿದ್ದೇವೆ, 25ರ ಕಟ್ಟು ಮಾಡಿ ಕೊಡುತ್ತೇವೆ, ಮುಂಗಡ ಠೇವಣಿ ಪಡೆಯುತ್ತೇವೆ. ಎರಡನೆಯದು ತೊಳೆಯುವ ಕ್ರಮ. ಎಂಜಲನ್ನು ಮೊದಲೇ ಬೇರೆ ಬಕೆಟ್ಟಿಗೆ ಬಳಿದು ತೆಗೆದರೆ ನೀರಿನ ಖರ್ಚು ಬಹಳ ತಗ್ಗುತ್ತದೆ. ಆಮೇಲೆ ಅಂಟುವಾಳದ ನೀರಿನ ಟಬ್ಬು, ಬರಿ ನೀರಿನ ಟಬ್ಬು, ಕಡೆಗೆ ಬಿಸಿನೀರು. ಟಬ್ಬಿನ ನೀರನ್ನು ಹಿತ್ತಿಲಿನ ಬಾಳೆಗೆ ಬಿಡುತ್ತೇವೆ.

ಕಾಗದದ ಲೋಟವನ್ನು ಪರಿಸರಸ್ನೇಹಿ ಎಂದು ನಂಬಿ ತರುವವರಿಗೂ ಒಂದು ಮಾತು ಹೇಳುತ್ತಿರುತ್ತೇನೆ. ನೀರು ಸೋರದಿರಲೆಂದು ಅದರ ಒಳಮೈಗೆ ಸಾಮಾನ್ಯವಾಗಿ ಪಾಲಿಥಿನ್ ಪದರ ಹಚ್ಚಿರುತ್ತಾರೆ.

ಉತ್ತರ 3 (ಚಳ್ಳಕೆರೆಯಿಂದ)

ನೀರಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಮೇಲೆ ಬದುಕುವ ಊರುಗಳಿವೆ, ಸಾವಿರ ತಟ್ಟೆ ತೊಳೆಯುವುದು ಅಲ್ಲಿ ಆಗದ ಕೆಲಸ. ಅಂತಹ ಕಡೆ ಎಲೆಯೇ ಸರಿ. ನಮ್ಮ ಅಜ್ಜಿ ಮುತ್ತುಗದ ಎಲೆಯನ್ನು ಬಿಸಿಲಲ್ಲಿ ಒಣಗಿಸಿ, ಮೇಲೆ ಭಾರ ಹೇರಿ ಚಪ್ಪಟೆ ಮಾಡಿ, ಕಡ್ಡಿ ಚುಚ್ಚಿ ಹೊಲಿಯುತ್ತಿದ್ದರು. ಊಟಕ್ಕೆ ಮೊದಲು ನೀರು ಚಿಮುಕಿಸಿದರೆ ಸಾಕಾಗುತ್ತಿತ್ತು. ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಆ ಎಲೆ ಹಚ್ಚಬಲ್ಲ ಮುದುಕಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರಿಗೆ ಕೈತುಂಬ ಕೂಲಿ ಕೊಡುವ ಉದ್ಯಮಿಯೊಬ್ಬರು ಬಂದರೆ ನನಗೆ ಅದಕ್ಕಿಂತ ಸಂತೋಷವಿಲ್ಲ. ನಿಮ್ಮಲ್ಲಿ ಭದ್ರಾ ನಾಲೆಯ ನೀರಿದೆ, ನಿಮ್ಮ ಲೆಕ್ಕ ಬೇರೆ. ಯಾವ ಊರಿಗೆ ಯಾವ ತಟ್ಟೆ ಎಂಬುದನ್ನು ಆ ಊರಿನ ನೀರನ್ನು ನೋಡಿ ತೀರ್ಮಾನಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ನಾಲ್ಕು ಅಚ್ಚಿನ ಯಂತ್ರಕ್ಕೆ ಮುಂಗಡ ಕೊಡಲು ಹೊರಟಿದ್ದವನು ನಿಲ್ಲಿಸಿದ್ದೇನೆ. ನಮ್ಮ ಹಳ್ಳಿಯ ಮದುವೆ, ತಿಥಿ, ಗೃಹಪ್ರವೇಶಗಳಿಗೆ 300 ಜೊತೆ ಸ್ಟೀಲ್ ತಟ್ಟೆಯನ್ನು ಮೊದಲು ತರುತ್ತೇವೆ, ಅದರ ಲೆಕ್ಕವನ್ನು ಹೆಂಡತಿ ನೋಡಿಕೊಳ್ಳಲು ಒಪ್ಪಿದ್ದಾಳೆ. ತೊಳೆಯಲು ಅನುಕೂಲವಿಲ್ಲದ ಜಾತ್ರೆಗೂ ದಾವಣಗೆರೆಯ ಮಂಡಕ್ಕಿ ಅಂಗಡಿಗಳಿಗೂ ಒಂದೇ ಅಚ್ಚಿನ ಯಂತ್ರದಲ್ಲಿ ದೊನ್ನೆ ಮಾತ್ರ ಒತ್ತುವ ವಿಚಾರವಿದೆ. ಹಾಳೆಯನ್ನು ಬದುವಿನಲ್ಲಿ ಸುಡುವ ನಾಲ್ಕು ತೋಟದವರೊಂದಿಗೆ ಮಾತಾಡಿ ಬಂದೆ. ಅವರಲ್ಲಿ ಇಬ್ಬರು ಬೋರ್ಡೋ ಹೊಡೆಯುವವರಾದ್ದರಿಂದ ಉಳಿದಿಬ್ಬರ ಹಾಳೆಯನ್ನಷ್ಟೇ ಕೊಳ್ಳುತ್ತೇನೆ. ಹೊಳಲ್ಕೆರೆಯವರು ಒಪ್ಪಿದರೆ, ಅಟ್ಟಣಿಗೆ ಕಟ್ಟುವ ಮೊದಲು ಒಂದು ದಿನ ಬಂದು ಅವರ ಗೋದಾಮನ್ನು ಕಣ್ಣಾರೆ ನೋಡಬೇಕೆಂದಿದ್ದೇನೆ.